ಕಂಕನಾಡಿಯ ಮುಲ್ಲರ್ ಪಾದ್ರಿಗಳು

ಪರಸಭೆಯವರ ಒಳ್ಳೇದನ್ನು ಒಪ್ಪಿಕೊಳ್ಳಲು ನಮ್ಮ ಮನಸ್ಸು ಹಿಂಜರಿಯುವದುಂಟು. ರೋಮನ್ ಸಭೆಯ ಉಪದೇಶದಲ್ಲಿ ನಮಗೆ ಭೇದವಿದ್ದರೂ ಆ ಸಭೆಯ ಯಾಜಕರೊಬ್ಬರ ನಡತೆಯನ್ನು ಈ ಪಾಠದಲ್ಲಿ ವಿಚಾರಿಸುವೆವು.

ಅಗುಸ್ತುಸ್ ಮುಲ್ಲರರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯಲ್ಲಿ ಹುಟ್ಟಿ, ಯೇಸುಸಭೆಗೆ ಸೇರಿ, 1878ರ ಕಡೆಯಲ್ಲಿ ಮಂಗಳೂರಿಗೆ ಬಂದರು. ಅವರಿಗೆ ಹೋಮಿಯೋಪಥಿ ವೈದ್ಯವು ತಿಳಿದಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೋಸ್ಕರ ಔಷಧಶಾಲೆಯನ್ನು ತೆರೆದು, ಜಾತಿಮತಗಳನ್ನು ಕೇಳದೆ ಔಷಧ ಕೊಟ್ಟರು. ಉಳ್ಳವರಿಗೆ ಔಷಧ ಮಾರಿ ಬಂದ ಹಣವನ್ನು ಬಡರೋಗಿಗಳಿಗೆ ವೆಚ್ಚಮಾಡಿದರು. ಇದು ಜಾಣತನವೂ ಹೌದು, ಧರ್ಮವೂ ಹೌದು.

1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯಸ್ಥಾನವನ್ನು ಸ್ಥಾಪಿಸಿದರು. ಈಗ ಔಷಧದಿಂದ ವಾಸಿಯಾಗುವ ಆ ರೋಗಕ್ಕೆ ಆಗ ತಕ್ಕ ಮದ್ದಿರಲಿಲ್ಲ. ರೋಗಿಯನ್ನು ಸ್ವಂತ ಮನೆಯವರೇ ಹೊರಗೆ ಹಾಕುತ್ತಿದ್ದರು. ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯವನ್ನು ತೆರೆದು ನೋಡಿರಿ. ಬರೀ ಮಾತಿನಿಂದ ವಾಸಿಮಾಡಬಲ್ಲ ಕರ್ತನು ಆ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ್ದೇಕೆ? ಈ ಪ್ರಶ್ನೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಆದರೂ ಒಂದು ಹಳ್ಳಿಯಲ್ಲಿ ಇಂಥ ಒಬ್ಬನು ಪ್ರಾರ್ಥನಾಲಯದ ಹೊಸ್ತಿಲಾಚೆ ನಿಂತಿದ್ದಾಗ, ಒಳಗೆ ಬಾರಪ್ಪಾ ಎಂದು ಕರೆಯಲು ಅಂಜಿದವನು ನಾನೇ.

ಮುಲ್ಲರರು 1910ನೇ ನವೆಂಬರ್ 1ರಂದು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯು ಕಂಕನಾಡಿಯಲ್ಲಿ ಇಂದಿಗೂ ನಡೆಯುತ್ತಿದೆ.