ಹಸಿರು ಗುರುತಿನ ಹಿಂದಿನ ಹೊಣೆ

ಬೇಕರಿ ತಿನಿಸುಗಳ ಪೊಟ್ಟಣದ ಮೇಲೆ ಹಸಿರು ಗುರುತನ್ನು ಮುದ್ರಿಸುವಾಗ ಸಣ್ಣ ತಯಾರಕರು ಸಾಮಾನ್ಯವಾಗಿ ಮೊಟ್ಟೆಯೊಂದನ್ನೇ ಗಮನದಲ್ಲಿಟ್ಟುಕೊಳ್ಳುತ್ತಾರೆ. ಮೊಟ್ಟೆ ಬೆರೆಸಿಲ್ಲ, ಆದುದರಿಂದ ಇದು ಸಸ್ಯಾಹಾರ ಎಂಬುದು ಅವರ ಲೆಕ್ಕ. ಈ ಲೆಕ್ಕ ತಪ್ಪುವುದು ಗ್ರಾಂ ತೂಕದಲ್ಲಿ ಬೆರೆಸುವ ಸಾಮಗ್ರಿಗಳಿಂದ.

ಕೇಕನ್ನು ಮೃದುವಾಗಿಡಲು ಬಳಸುವ ಎಮಲ್ಸಿಫೈಯರ್ 471 ಇದಕ್ಕೆ ತಕ್ಕ ನಿದರ್ಶನ. ಅದು ತಾಳೆ ಎಣ್ಣೆಯಿಂದಲೂ ತಯಾರಾಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ತಯಾರಾಗುತ್ತದೆ. ಲೇಬಲಿನಲ್ಲಿ ಕಾಣುವ ಸಂಖ್ಯೆ ಮಾತ್ರ ಒಂದೇ. ಕುರುಕಲು ತಿಂಡಿಗಳ ಮಸಾಲೆಯಲ್ಲಿರುವ ರುಚಿವರ್ಧಕ 631 ಮಾಂಸ ಅಥವಾ ಮೀನಿನ ಮೂಲದ್ದಾಗಿರಬಹುದು, ಪಿಷ್ಟವನ್ನು ಹುದುಗಿಸಿ ಪಡೆದದ್ದೂ ಆಗಿರಬಹುದು. ಕೆಂಪು ಬಣ್ಣ 120ರಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ: ಕಾರ್ಮೈನ್ ಎಂಬ ಈ ಬಣ್ಣ ಕೊಚಿನೀಲ್ ಕೀಟದಿಂದ ಬರುತ್ತದೆ. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮಗಳ ಉತ್ಪನ್ನ.

2020ರ ಲೇಬಲಿಂಗ್ ನಿಯಮಾವಳಿಯ ಪ್ರಕಾರ ಕೀಟವೂ ಸೇರಿದಂತೆ ಯಾವುದೇ ಪ್ರಾಣಿಮೂಲದ ಅಂಶವಿರುವ ಆಹಾರ ಮಾಂಸಾಹಾರವೇ. ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗು ಇದಕ್ಕೆ ಹೊರತು. ಹೀಗಾಗಿ ಅರಗಿನ ಹೊಳಪು ಲೇಪಿಸಿದ ಮಿಠಾಯಿಗೆ ಹಸಿರು ಗುರುತು ಸಲ್ಲುತ್ತದೆ, ಕಾರ್ಮೈನ್ ಬೆರೆತ ಮಿಠಾಯಿಗೆ ಸಲ್ಲದು. ಎರಡೂ ಕೀಟಮೂಲದವೇ, ಇಲ್ಲಿ ತರ್ಕಕ್ಕಿಂತ ರೂಢಿಗೆ ಹೆಚ್ಚಿನ ಮನ್ನಣೆ ದೊರೆತಿದೆಯೆನ್ನಬೇಕು. ಮಾಂಸಾಹಾರದ ಗುರುತಿನಲ್ಲಿದ್ದ ಕಂದು ವೃತ್ತದ ಬದಲು ಕಂದು ತ್ರಿಕೋನವನ್ನು ವಿಧಿಸಿದ್ದೂ ಇದೇ ನಿಯಮಾವಳಿ.

ಸಾಮಗ್ರಿಯ ಪ್ರಮಾಣ ಅತ್ಯಲ್ಪವೆಂಬ ಸಮಜಾಯಿಷಿಗೂ ಅವಕಾಶವಿಲ್ಲ. ಸಂಕೇತ ಸಂಖ್ಯೆಯನ್ನಷ್ಟೇ ನಮೂದಿಸಿದರೆ ಸಾಲದು, ಮೂಲ ಸಸ್ಯವೇ ಪ್ರಾಣಿಯೇ ಎಂಬುದನ್ನೂ ತಿಳಿಸಬೇಕೆಂದು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್ 9ರಂದು ಆದೇಶಿಸಿದಾಗ, ಶೇಕಡಾವಾರು ಪ್ರಮಾಣ ಎಷ್ಟೇ ಇರಲಿ ಎಂದು ಸ್ಪಷ್ಟಪಡಿಸಿತು. ಆಹಾರ ಸುರಕ್ಷತಾ ಕಾಯಿದೆಯ 52ನೆಯ ಕಲಮಿನಂತೆ ತಪ್ಪು ಲೇಬಲಿಗೆ 3 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವ್ರತನಿಷ್ಠ ಗಿರಾಕಿಯೊಬ್ಬನ ನಂಬಿಕೆ ಕೆಟ್ಟರೆ ಆಗುವ ನಷ್ಟವನ್ನು ಯಾವ ಕಲಮೂ ಲೆಕ್ಕ ಹಾಕಿಲ್ಲ.

ಪ್ರತಿಯೊಂದು ಸಂಯೋಜಕಕ್ಕೂ ಅದರ ಮೂಲವನ್ನು ತಿಳಿಸುವ ಲಿಖಿತ ಪ್ರಮಾಣಪತ್ರವನ್ನು ಸರಬರಾಜುದಾರರಿಂದ ಪಡೆದು, ಖರೀದಿ ಬಿಲ್ಲಿನೊಡನೆ ಇಡತಕ್ಕದ್ದು. ಸಿದ್ಧ ಕೇಕ್ ಮಿಶ್ರಣ ಕೊಂಡಾಗ ಅದರೊಳಗಿನ ಘಟಕಗಳಿಗೂ ಇದನ್ನು ಕೇಳಬೇಕು. ಸಂಸ್ಕರಿತ ಕೊಬ್ಬಿನ ಮೂಲವನ್ನು ಪ್ರಯೋಗಾಲಯದಲ್ಲಿ ಪತ್ತೆಮಾಡುವುದು ಸುಲಭವಲ್ಲವಾದ್ದರಿಂದ ಈ ಕಾಗದಕ್ಕೆ ಹೆಚ್ಚಿನ ಬೆಲೆಯಿದೆ. ಅಗ್ಗದ ದರಕ್ಕಾಗಿ ಸರಬರಾಜುದಾರರನ್ನು ಬದಲಿಸಿದ ದಿನ ಹಳೆಯ ಪತ್ರ ನಿರುಪಯುಕ್ತ. ಹೊಸದು ಕೈಸೇರುವವರೆಗೆ ಆ ಡಬ್ಬಿಯನ್ನು ತೆರೆಯದಿರುವುದು ಲೇಸು.