ಮಗಳ ಕುತ್ತಿಗೆಯ ಕಪ್ಪು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಕೆಲವು ತಿಂಗಳಿಂದ ಅವಳ ಕುತ್ತಿಗೆಯ ಹಿಂಭಾಗದಲ್ಲಿ, ಹೆಗಲ ಮೇಲೆ ಮಣ್ಣು ಮೆತ್ತಿದ ಹಾಗೆ ಕಂದುಗಪ್ಪು ಕಲೆ ಕಾಣುತ್ತಿದೆ. ದಿನಾ ಸ್ನಾನ ಮಾಡುತ್ತಾಳೆ. ಕಡಲೆಹಿಟ್ಟು ಹಚ್ಚಿದೆ, ಹೀರೇಕಾಯಿ ನಾರಿನಲ್ಲಿ ಉಜ್ಜಿದೆ. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಶಾಲೆಯಲ್ಲಿ ‘ಸ್ನಾನ ಮಾಡಲ್ವಾ’ ಅಂತ ಕೇಳುತ್ತಾರಂತೆ, ನಾನೂ ಬೈದಿದ್ದೇನೆ. ಈಗ ಎರಡು ಜಡೆ ಹಾಕಿದರೆ ಕುತ್ತಿಗೆ ಕಾಣುತ್ತದೆ ಎಂದು ಬೆಳಿಗ್ಗೆ ಅಳುತ್ತಾಳೆ. ಪಕ್ಕದ ಮನೆಯವರು ಒಂದು ಕ್ರೀಮ್ ಕೊಟ್ಟಿದ್ದಾರೆ, ಹಚ್ಚಬಹುದೇ? ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ. ಇದು ಅದರ ಸೂಚನೆಯೇ?
– ಒಬ್ಬ ತಾಯಿ, ಹಾಸನ

ಉತ್ತರ: ಆ ಕ್ರೀಮ್ ಹಚ್ಚಬೇಡಿ ತಾಯಿ. ಹೀರೇಕಾಯಿ ನಾರನ್ನೂ ಇವತ್ತೇ ಎತ್ತಿಡಿ. ದಿನಾ ಸ್ನಾನ ಮಾಡುವ ಹುಡುಗಿಯ ಕುತ್ತಿಗೆಯಲ್ಲಿ ತಿಂಗಳುಗಟ್ಟಲೆ ಕೊಳೆ ಕೂರುವುದಿಲ್ಲ. ತಪ್ಪು ಅವಳದಲ್ಲ.

ಕಾಗದ ಓದಿಯೇ ಕಾಯಿಲೆ ತೀರ್ಮಾನಿಸಲು ಆಗದು. ಆದರೆ ನೀವು ಬರೆದದ್ದು ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣುವ ಒಂದು ನಿರಪಾಯ ತೊಂದರೆಗೆ ಚೆನ್ನಾಗಿ ಹೊಂದುತ್ತದೆ. ಹೆಸರು ‘ಟೆರ್ರಾ ಫರ್ಮಾ ಫಾರ್ಮ್ ಡರ್ಮಟೋಸಿಸ್’. 1987ರಲ್ಲಿ ಡಂಕನ್ ಎಂಬ ಚರ್ಮವೈದ್ಯರು ಮತ್ತು ಅವರ ಸಂಗಡಿಗರು ಇದನ್ನು ವಿವರಿಸಿ ಬರೆದರು. ನಮ್ಮ ಚರ್ಮದ ಮೇಲ್ಪದರದ ಸತ್ತ ಕೋಶಗಳು ಸದಾ ಉದುರುತ್ತಿರುತ್ತವೆ. ಕೆಲವರಲ್ಲಿ ಅವು ಸರಿಯಾಗಿ ಉದುರದೆ, ಮೈಬಣ್ಣ ಕೊಡುವ ಮೆಲನಿನ್ ಮತ್ತು ಜಿಡ್ಡಿನ ಜೊತೆ ಸೇರಿ ಪದರವಾಗಿ ಅಂಟಿಕೊಳ್ಳುತ್ತವೆ. ಆ ಪದರ ಸೋಪಿಗೂ ನೀರಿಗೂ ಜಗ್ಗುವುದಿಲ್ಲ, ಸ್ಪಿರಿಟ್‌ಗೆ ಬಿಡುತ್ತದೆ.

ಉಜ್ಜಿ ಕೆಂಪಾದ ಜಾಗ ಪೂರ್ತಿ ಮಾಯಲಿ, ಇಲ್ಲದಿದ್ದರೆ ಉರಿಯುತ್ತದೆ. ಆಮೇಲೆ ಔಷಧಿ ಅಂಗಡಿಯಿಂದ, ಇಂಜೆಕ್ಷನ್ ಕೊಡುವ ಮುಂಚೆ ಚರ್ಮ ಒರೆಸುತ್ತಾರಲ್ಲ, ಆ ಸ್ಪಿರಿಟ್ ಹತ್ತಿಯ ಪೊಟ್ಟಣ ತನ್ನಿ. ಅದರ ಮೇಲೆ ಶೇ 70 ಐಸೊಪ್ರೊಪೈಲ್ ಆಲ್ಕೋಹಾಲ್ ಎಂದಿರಬೇಕು. ಒಲೆ, ದೀಪದ ಹತ್ತಿರ ಬೇಡ. ಹೆಬ್ಬೆರಳಗಲದ ಜಾಗವನ್ನು ಕೊಂಚ ಒತ್ತಿ, ನಾಲ್ಕಾರು ಸಲ ಒರೆಸಿ. ಹತ್ತಿ ಕಂದಾಗಿ, ಅಡಿಯಲ್ಲಿ ಅವಳ ಸಹಜ ಮೈಬಣ್ಣ ಕಂಡರೆ ಪರೀಕ್ಷೆಯೂ ಚಿಕಿತ್ಸೆಯೂ ಒಟ್ಟಿಗೇ ಮುಗಿದಂತೆ. ಉಳಿದದ್ದನ್ನೂ ಹಾಗೇ ಒರೆಸಿ, ಕೊನೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಏಕೆಂದರೆ ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಇಷ್ಟು ಸುಲಭದ ಪರೀಕ್ಷೆ ನೆನಪಾಗದೆ ರಕ್ತಪರೀಕ್ಷೆ, ಹಾರ್ಮೋನ್ ಪರೀಕ್ಷೆ ಎಂದು ಮಕ್ಕಳನ್ನು ಅಲೆದಾಡಿಸುವುದುಂಟು. ನನಗೆ ಅದು ಬಹಳ ಬೇಸರದ ಸಂಗತಿ.

ಒಂದು ವಿಷಯದಲ್ಲಿ ಎಚ್ಚರ. ಹತ್ತಿಯ ಮೇಲಿನ ಕಂದು ನೋಡಿದ ಕೂಡಲೇ ‘ನೋಡು, ಎಷ್ಟು ಕೊಳೆ!’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಅದು ಕೊಳೆಯಲ್ಲ, ಅವಳದೇ ಚರ್ಮದ ಉದುರದ ಪದರ. ಹಾಗಂತ ಅವಳಿಗೆ ಹೇಳಿ, ಮನೆಯಲ್ಲಿ ಬೈದವರೆಲ್ಲರ ಮುಂದೆ ಹೇಳಿ. ಅವಳ ಒಪ್ಪಿಗೆ ಕೇಳಿ ಕ್ಲಾಸ್ ಟೀಚರ್‌ಗೂ ತಿಳಿಸಿ.

ಇನ್ನು ಸಕ್ಕರೆ ಕಾಯಿಲೆಯ ವಿಷಯ. ನಿಮ್ಮ ಅನುಮಾನಕ್ಕೆ ಕಾರಣವಿದೆ. ಸ್ಪಿರಿಟ್‌ನಿಂದ ಒರೆಸಿದರೂ ಕಪ್ಪು ಹೋಗದೆ, ಬೆರಳಿಗೆ ಮಖಮಲ್ಲಿನಂತೆ ದಪ್ಪಗೆ ಸಿಕ್ಕಿದರೆ, ಕಂಕುಳಲ್ಲೂ ಹಾಗೇ ಇದ್ದರೆ ಅದು ‘ಅಕಾಂಥೋಸಿಸ್ ನೈಗ್ರಿಕಾನ್ಸ್’ ಇರಬಹುದು. ಅದೂ ಕೊಳೆಯಲ್ಲ, ಉಜ್ಜಿದರೆ ಇನ್ನಷ್ಟು ಕಪ್ಪಾಗುತ್ತದೆ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ, ಹೆಚ್ಚಾಗಿ ತೂಕ ಜಾಸ್ತಿ ಇರುವ ಮಕ್ಕಳಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಹಾಗಿದ್ದರೆ ವೈದ್ಯರ ಬಳಿ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ, ಮುಟ್ಟು ಏರುಪೇರಾಗಿದ್ದರೆ ಅದನ್ನೂ ತಿಳಿಸಿ. ಕೆರೆದರೆ ಸಣ್ಣ ಹೊಟ್ಟು ಉದುರುವ ಚುಕ್ಕೆಗಳಾದರೆ ಅದು ಸಿಬ್ಬು ಇರಬಹುದು, ಶಿಲೀಂಧ್ರನಾಶಕ ಮುಲಾಮಿಗೆ ಗುಣವಾಗುತ್ತದೆ.

ಪಕ್ಕದ ಮನೆಯ ಕ್ರೀಮ್ ಬೇಡ ಎಂದದ್ದಕ್ಕೆ ಕಾರಣವಿದೆ. ಬೆಳ್ಳಗಾಗಲು ಎಂದು ಕೈಯಿಂದ ಕೈಗೆ ದಾಟುವ ಎಷ್ಟೋ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ತಿಳಿಯಾದಂತೆ ಕಾಣುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತದೆ, ಮುಖಕ್ಕೆ ಹಚ್ಚಿದರೆ ಮೊಡವೆ ಕಿತ್ತುಬರುತ್ತದೆ, ಬಿಟ್ಟರೆ ಉರಿ.

ಸ್ಪಿರಿಟ್‌ನಿಂದ ಹೋದ ಕಲೆ ಕೆಲವರಲ್ಲಿ ಮತ್ತೆ ಬರುವುದುಂಟು. ಬಂದರೆ ಅದೇ ಹತ್ತಿ ಸಾಕು. ತೀರಾ ದಪ್ಪಗೆ ಕೂತಿದ್ದರೆ ಚರ್ಮವೈದ್ಯರು ಪದರ ಸಡಿಲಿಸುವ ಸ್ಯಾಲಿಸಿಲಿಕ್ ಆಸಿಡ್ ಮುಲಾಮು ಬರೆದುಕೊಡುತ್ತಾರೆ.