ಉಸಿರಾಡುವ ಬ್ಯಾಟರಿಗೆ ಬಾಯಾರಿಕೆ

ಬಾಗಿದರೂ ಕೆಲಸ ಮಾಡುವ, ಮತ್ತೆ ಮತ್ತೆ ಚಾರ್ಜ್ ಆಗುವ ಸತು-ಗಾಳಿ ಬ್ಯಾಟರಿಯ ಮಾತು ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಕ್ರಿಯಾವರ್ಧಕದ ಕಡೆಗೆ. ಹೊರಗಿನ ಆಮ್ಲಜನಕವನ್ನು ಹೈಡ್ರಾಕ್ಸೈಡ್ ಆಗಿ ಮಾರ್ಪಡಿಸುವುದು, ಚಾರ್ಜ್ ಮಾಡುವಾಗ ಅದೇ ಆಮ್ಲಜನಕವನ್ನು ಹೊರಗೆ ಬಿಡುವುದು, ಈ ಎರಡೂ ಕೆಲಸ ಒಂದೇ ಕ್ರಿಯಾವರ್ಧಕ ಪುಡಿಯಿಂದ ಆಗಬೇಕು. ಮೊದಲನೆಯದಕ್ಕೆ ಪ್ಲಾಟಿನಂ, ಎರಡನೆಯದಕ್ಕೆ ರುಥೇನಿಯಂ ಅಥವಾ ಇರಿಡಿಯಂ ಆಕ್ಸೈಡ್ ಅಳತೆಗೋಲು. ಆ ದುಬಾರಿ ಲೋಹಗಳನ್ನು ಬಿಟ್ಟು ಕೋಬಾಲ್ಟ್, ಮ್ಯಾಂಗನೀಸ್, ನಿಕ್ಕಲ್, ಕಬ್ಬಿಣದಲ್ಲಿ ಅದೇ ಫಲ ತೆಗೆಯಬೇಕೆಂಬುದು ಎಲ್ಲರ ಆಸೆ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಹವೆಯಲ್ಲಿ ಈ ಕೋಶಗಳ ಜೊತೆ ಕೆಲಸ ಮಾಡಿ ನಾನು ಕಲಿತದ್ದು ಬೇರೆ. ಪುಡಿ ಎಷ್ಟೇ ಚುರುಕಾಗಿರಲಿ, ಕೋಶವನ್ನು ಉಳಿಸುವುದೂ ಕೊಲ್ಲುವುದೂ ನೀರು. ಎಲೆಕ್ಟ್ರೋಡಿಗೆ ವಸ್ತು ಆರಿಸುವವರು ಮೊದಲು ನೋಡಬೇಕಾದದ್ದು ಅದು ನೀರಿನೊಂದಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು.

ಈ ಬ್ಯಾಟರಿ ಮುಚ್ಚಿದ ಡಬ್ಬಿಯಲ್ಲ. ಗಾಳಿ ಬರಲೆಂದು ಒಂದು ಬದಿ ತೆರೆದೇ ಇರಬೇಕು. ಆಮ್ಲಜನಕ ಬರುವ ದಾರಿಯಲ್ಲೇ ತೇವ ಹೋಗುತ್ತದೆ. ಮರಾಠವಾಡದ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಪಾಲಿವಿನೈಲ್ ಆಲ್ಕೊಹಾಲ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ ಮಾಡುವ ವಿದ್ಯುದ್ವಿಭಾಜ್ಯದ ಜೆಲ್ ಅಲ್ಲಿ ಬೇಗ ಒಣಗಿ ಎಲೆಕ್ಟ್ರೋಡಿನಿಂದ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಇದಕ್ಕೆ ತಿರುಗಾಮುರುಗಾ: ಜೆಲ್ಲಿನ ಕ್ಷಾರ ತೇವ ಹೀರುತ್ತದೆ, ಗಾಳಿ ಎಲೆಕ್ಟ್ರೋಡಿನ ರಂಧ್ರಗಳಲ್ಲಿ ನೀರು ತುಂಬುತ್ತದೆ, ಆಮ್ಲಜನಕಕ್ಕೆ ದಾರಿಯಿರುವುದಿಲ್ಲ. ಇದರ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್, ಹತ್ತು ಲಕ್ಷ ಭಾಗಗಳಲ್ಲಿ 420ರಷ್ಟೇ ಇದ್ದರೂ, ಕ್ಷಾರದೊಡನೆ ಸೇರಿ ಪೊಟ್ಯಾಸಿಯಂ ಕಾರ್ಬೋನೇಟ್ ಆಗಿ ಅದೇ ರಂಧ್ರಗಳಲ್ಲಿ ಹರಳುಗಟ್ಟುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಪಡೆದ ಅಂಕಿಗೆ ಈ ಎರಡು ಋತುಗಳ ಪರಿಚಯವೇ ಇರುವುದಿಲ್ಲ. ಸೋಡಿಯಂ ಪಾಲಿಅಕ್ರಿಲೇಟಿನ ಜೆಲ್ ನೀರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಗಾಢ ಕ್ಷಾರವನ್ನೂ ತಾಳುತ್ತದೆ. ಈ ಸೀಮೆಯಲ್ಲಿ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದು ಅದನ್ನೇ, ಪುಡಿಯನ್ನಲ್ಲ.

ಬಾಗುವಿಕೆಯ ವಿಷಯವೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ಒಂದು ಮಿಲಿಮೀಟರ್ ದಪ್ಪದ ಹಾಳೆಯನ್ನು ಒಂದು ಸೆಂಟಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಅದರ ಹೊರಮೈ ಸುಮಾರು ಶೇ. 5ರಷ್ಟು ಎಳೆತಕ್ಕೆ ಸಿಗುತ್ತದೆ. ಅಷ್ಟು ಎಳೆತವನ್ನು ಅಖಂಡ ಆಕ್ಸೈಡ್ ಪದರ ಸಾಮಾನ್ಯವಾಗಿ ತಾಳದು. ಕಾರ್ಬನ್ ಬಟ್ಟೆ ಇಲ್ಲಿ ಗೆಲ್ಲುವುದಕ್ಕೆ ಕಾರಣ ಅದರ ಎಳೆಗಳು ಕೂದಲಿಗಿಂತ ಸಪುರ, ಒಂದರ ಮೇಲೊಂದು ಜಾರುತ್ತವೆ. ನಾಸಿಕ್ ಜಿಲ್ಲೆಯ ಯೇವಲೆಯಲ್ಲೂ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲೂ ನೇಯುವ ಪೈಠಣಿ ಸೀರೆಯ ಜರಿ ಮಡಿಸಿದರೂ ಮುರಿಯದಿರುವುದು ಇದೇ ಗುಟ್ಟಿನಿಂದ, ಲೋಹವಾದರೂ ಅದು ನೂಲಿಗೆ ಸುತ್ತಿದ ತೆಳು ಎಳೆ. ಆದರೆ ಕಾರ್ಬನ್ನಿಗೆ ಒಂದು ಶಾಪವಿದೆ. ಚಾರ್ಜ್ ಮಾಡುವ ವಿಭವದಲ್ಲಿ ಅದು ತಾನೇ ನಿಧಾನಕ್ಕೆ ಉತ್ಕರ್ಷಣಗೊಂಡು ಸವೆಯುತ್ತದೆ. ಸವೆಯುವುದಕ್ಕಿಂತ ಮೊದಲು ಇನ್ನೊಂದು ಕೆಡುಕು ಆಗಿರುತ್ತದೆ: ನೀರನ್ನು ದೂರವಿಡುತ್ತಿದ್ದ ಮೈ ನೀರನ್ನು ಹೀರುವ ಮೈಯಾಗುತ್ತದೆ. ಹಾಗಾಗಿ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುವುದಕ್ಕಿಂತ, ಸಪುರವಾದ ಸ್ಟೀಲ್ ಜಾಲರಿ ಅಥವಾ ನಿಕ್ಕಲ್ ಲೇಪಿಸಿದ ಬಟ್ಟೆಯ ಮೇಲೆ ಕೋಬಾಲ್ಟ್ ಆಕ್ಸೈಡನ್ನು ದ್ರಾವಣದಿಂದ ನೇರ ಬೆಳೆಸುವುದು ಮೇಲು. ಇದಕ್ಕೆ ದುಬಾರಿ ಯಂತ್ರ ಬೇಡ, ಸಣ್ಣ ಊರಿನ ಕಾಲೇಜಿಗೂ ಎಟಕುವ ಕೆಲಸ.

ಕೆಲವರ ಆಕ್ಷೇಪ ನ್ಯಾಯವಾದದ್ದೇ. ಸಿದ್ಧಾಂತದಲ್ಲಿ 1.66 ವೋಲ್ಟ್ ಕೊಡಬೇಕಾದ ಕೋಶ ಬಳಕೆಯಲ್ಲಿ ಕೊಡುವುದು 1.2ರ ಆಸುಪಾಸು, ಚಾರ್ಜ್ ಮಾಡಲು ಬೇಕಾಗುವುದು ಸುಮಾರು 2 ವೋಲ್ಟ್. ಹಾಕಿದ ಶಕ್ತಿಯಲ್ಲಿ ಶೇ. 60ರಷ್ಟು ಮಾತ್ರ ಮರಳುತ್ತದೆ. ಈ ನಷ್ಟದ ಬಹುಪಾಲು ಗಾಳಿ ಎಲೆಕ್ಟ್ರೋಡಿನ ನಿಧಾನದಿಂದಲೇ ಆಗುವಾಗ ಕ್ರಿಯಾವರ್ಧಕವನ್ನು ಬಿಟ್ಟು ಬೇರೇನು ಹುಡುಕಬೇಕು ಎಂದು ಅವರು ಕೇಳುತ್ತಾರೆ. ಮೊದಲ ದಿನದ ಕೋಶಕ್ಕೆ ಇದು ಸರಿ. ಆದರೆ ಸಾವಿರ ಗಂಟೆ ಬಾಳಿತೆಂದು ತೋರಿಸುವ ಪರೀಕ್ಷೆಗಳ ಲೆಕ್ಕ ಹಾಕಿ ನೋಡಿ. ಒಂದು ಚದರ ಸೆಂಟಿಮೀಟರ್, 0.1 ಮಿಲಿಮೀಟರ್ ದಪ್ಪದ ಸತುವಿನ ಹಾಳೆಯಲ್ಲಿ ಸುಮಾರು 58 ಮಿಲಿಆಂಪಿಯರ್-ಗಂಟೆ ಇದೆ. 5 ಮಿಲಿಆಂಪಿಯರಿನಲ್ಲಿ ಹತ್ತು ನಿಮಿಷ ಬಳಸಿ ಮತ್ತೆ ತುಂಬಿದರೆ ಪ್ರತಿ ಸುತ್ತಿನಲ್ಲಿ ದುಡಿದದ್ದು ಶೇ. 1.4 ಸತು. ಉಳಿದದ್ದು ಕುಳಿತು ತಿಂದಿದೆ. ಅಷ್ಟೇ ಅಲ್ಲ, ಕ್ಷಾರದಲ್ಲಿ ಸುಮ್ಮನೆ ಕರಗುತ್ತ ಹೈಡ್ರೋಜನ್ ಬಿಟ್ಟು ಜೆಲ್ಲಿನ ನೀರನ್ನೂ ಮುಗಿಸಿದೆ. ಆ ಸಾವಿರ ಗಂಟೆ ಕ್ರಿಯಾವರ್ಧಕದ ಬಾಳಿಕೆಯನ್ನು ಹೇಳೀತು, ಬ್ಯಾಟರಿಯದ್ದನ್ನಲ್ಲ. 2021ರ ಆರಂಭದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಜರ್ಮನಿಯ ಮ್ಯೂನ್‌ಸ್ಟರ್ ತಂಡವೂ ಸೇರಿದ್ದ ಕೆಲಸ ನನ್ನ ವಾದಕ್ಕೆ ಬಲ ಕೊಡುತ್ತದೆ. ಅವರು ಕ್ಷಾರ ಬಿಟ್ಟು ಸತುವಿನ ಟ್ರೈಫ್ಲೇಟ್ ದ್ರಾವಣ ತೆಗೆದುಕೊಂಡರು. ನೀರಿಗೆ ಒಗ್ಗದ ಅದರ ಅಯಾನು ಎಲೆಕ್ಟ್ರೋಡಿನ ಮೈಯಿಂದ ನೀರನ್ನು ಸರಿಸಿತು, ಕ್ರಿಯೆಯ ದಾರಿಯೇ ಬದಲಾಗಿ ಸತುವಿನ ಪೆರಾಕ್ಸೈಡ್ ಹುಟ್ಟಿತು. ಬದಲಾದದ್ದು ನೀರಿನ ಜಾಗ.

ಇನ್ನೊಂದು ಪ್ರಶ್ನೆ ಸಂಭಾಜಿನಗರದಲ್ಲಿ ಸಹಜವಾಗಿಯೇ ಏಳುತ್ತದೆ. ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್, ಬಿಡದಿಯ ಕಾರು ಕಂಪನಿ ಟೊಯೋಟಾ ಕಿರ್ಲೋಸ್ಕರ್ ಎರಡೂ 2024ರಲ್ಲಿ ಅಲ್ಲಿ ಕಾರ್ಖಾನೆ ಹೂಡುವುದಾಗಿ ಪ್ರಕಟಿಸಿದವು. ಲಿಥಿಯಂ ಬ್ಯಾಟರಿಯ ಪೇಟೆ ಮನೆಬಾಗಿಲಿಗೆ ಬರುವಾಗ ಸತುವಿನ ಗೊಡವೆ ಏಕೆ? ಸ್ಕೂಟರಿಗೆ ಬೇಡ, ಒಪ್ಪುತ್ತೇನೆ. ಮೈಗೆ ಅಂಟಿಸುವ ಆರೋಗ್ಯ ಪಟ್ಟಿಗೆ, ನಾಸಿಕ್‌ನ ದ್ರಾಕ್ಷಿ ಬಳ್ಳಿಗೆ ಸುತ್ತುವ ಸಂವೇದಕಕ್ಕೆ ಬೆಂಕಿ ಹಿಡಿಯದ, ನೀರಿನ ದ್ರಾವಣದ ಬ್ಯಾಟರಿ ಬೇಕು. ಸತು ರಾಜಸ್ಥಾನದಲ್ಲೇ ಸಿಗುತ್ತದೆ. ಅಂಥ ಬಳಕೆಗೆ ಎರಡೂ ಕೆಲಸವನ್ನು ಒಂದೇ ಎಲೆಕ್ಟ್ರೋಡಿಗೆ ಹೊರಿಸುವುದನ್ನೇ ನಾನು ಪ್ರಶ್ನಿಸುತ್ತೇನೆ: ಆಮ್ಲಜನಕ ಹೀರಲು ಅರೆಒಣ ಮೈ ಬೇಕು, ಬಿಡಲು ಪೂರ್ತಿ ನೆನೆದ ಮೈ. ಚಾರ್ಜ್ ಮಾಡಲು ನಿಕ್ಕಲ್ ಜಾಲರಿಯ ಮೂರನೆಯ ಎಲೆಕ್ಟ್ರೋಡ್ ಇಟ್ಟರೆ ಗಾಳಿ ಬದಿಗೆ ಅಗ್ಗದ ಮ್ಯಾಂಗನೀಸ್ ಆಕ್ಸೈಡ್ ಸಾಕು, ಕಾರ್ಬನ್ ಬಟ್ಟೆಯೂ ಸವೆಯದೆ ಉಳಿಯುತ್ತದೆ. ದಪ್ಪ ಹೆಚ್ಚುತ್ತದೆ, ದಪ್ಪದೊಡನೆ ಎಳೆತವೂ. ಆದರೂ ಒಂದು ಋತುವಿನಲ್ಲಿ ಒಣಗಿ ಇನ್ನೊಂದರಲ್ಲಿ ಮುಳುಗುವ ಕೋಶಕ್ಕಿಂತ, ತುಸು ಕಡಿಮೆ ಬಾಗುವ ಕೋಶವನ್ನೇ ನಾನು ಆರಿಸಿಕೊಳ್ಳುತ್ತೇನೆ.